ಕೆರೆ ಕಾಡಾಗುವ ದಾರಿಯಲ್ಲಿ: ಅಂಕಸಮುದ್ರದಿಂದ ಕತ್ತಲೆಕಾನಿನವರೆಗೆ

ಕೆರೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ಕೆರೆಯಾಗಿ ಉಳಿಯುವುದಿಲ್ಲ. ಹಳ್ಳದ ನೀರು ವರ್ಷವರ್ಷವೂ ಮಣ್ಣು ತಂದು ಸುರಿಯುತ್ತದೆ. ಗಿಡಗಳು ಹುಟ್ಟಿ, ಸತ್ತು, ತಳದಲ್ಲಿ ಕೊಳೆಯುತ್ತವೆ. ತಳ ಮೇಲೇರುತ್ತದೆ, ನೀರು ತೆಳುವಾಗುತ್ತದೆ, ಆಳದ ಗಿಡಗಳು ಹೋಗಿ ಕೆಸರಿನ ಗಿಡಗಳು ಬರುತ್ತವೆ, ಆಮೇಲೆ ಹುಲ್ಲು, ಪೊದೆ, ಮರ. ಇದಕ್ಕೆ ಹೈಡ್ರೋಸೀರ್ ಅನ್ನುತ್ತಾರೆ. ನನ್ನ ತಂಗಿ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಾಳೆ, ಪ್ರತಿ ವರ್ಷ ಈ ಪಾಠ ಬಂದಾಗ ಅವಳಿಗೆ ಬೇಸರ. ಪುಸ್ತಕದ ಚಿತ್ರದಲ್ಲಿ ಕೊನೆಗೆ ಬರುವುದು ವಿಲ್ಲೋ, ಆಲ್ಡರ್, ಓಕ್. ನಮ್ಮ ಮಕ್ಕಳು ಆ ಮರ ಒಂದನ್ನೂ ನೋಡಿಲ್ಲ, ಆದರೆ ಎಲ್ಲರ ಊರಲ್ಲೂ ಕೆರೆ ಇದೆ. ನಮ್ಮ ಕಡೆಯ ಕೆರೆಗಳಲ್ಲಿ ಈ ಬದಲಾವಣೆಯ ಮೆಟ್ಟಿಲುಗಳನ್ನೇ ಫೋಟೋ ತೆಗೆದು ತರೋಣ ಅಂತ ಡಿಸೆಂಬರಿನಲ್ಲಿ ಇಬ್ಬರೂ ಕಾರು ಹತ್ತಿದೆವು.

ಬುಧವಾರ, ಹಿರಿಯೂರಿನಾಚೆ

ಬೆಂಗಳೂರು ಬಿಟ್ಟು ತುಮಕೂರು, ಶಿರಾ ದಾಟುವ ತನಕ ಹೇಳುವಂಥದ್ದೇನಿಲ್ಲ. ಹಿರಿಯೂರು ಕಳೆದ ಮೇಲೆ ಹೆದ್ದಾರಿ ಬಿಟ್ಟು ಒಂದು ಹಳ್ಳಿಯ ಕೆರೆ ಹತ್ತಿರ ನಿಂತೆವು. ಹಿಂದಿನ ಬೇಸಿಗೆಯಲ್ಲಿ ಹೂಳೆತ್ತಿದ ಕೆರೆ ಅದು. ಏರಿ ಮೇಲೆ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು, ಟ್ರ್ಯಾಕ್ಟರುಗಟ್ಟಲೆ ಗೋಡುಮಣ್ಣು ಹೊಲಗಳಿಗೆ ಹೋಯಿತು, ಮಳೆ ಬಂದು ಮತ್ತೆ ತುಂಬಿದೆ ಅಂದರು. ನೋಡಿದರೆ ನೀರಲ್ಲಿ ಗಿಡವೇ ಇಲ್ಲ. ಬಣ್ಣ ಮಾತ್ರ ತಿಳಿ ಹಸಿರು.

ತಂಗಿಗೆ ಬೇಕಾಗಿದ್ದು ಅದೇ. ಅವಳ ಹತ್ತಿರ ಕಾಗದ ಮಡಚಿ ಮಾಡುವ ಸಣ್ಣ ಸೂಕ್ಷ್ಮದರ್ಶಕ ಒಂದಿದೆ. ಒಂದು ಹನಿ ನೀರು ಅದರಲ್ಲಿಟ್ಟು ಬೆಳಕಿಗೆ ಹಿಡಿದು, "ಅಣ್ಣಾ, ಮೊದಲನೇ ಮೆಟ್ಟಿಲು ಇಲ್ಲಿದೆ ನೋಡು" ಅಂತ ಕೊಟ್ಟಳು. ಹಸಿರು ಚುಕ್ಕಿಗಳು, ಗೆರೆಗಳು. ಕಣ್ಣಿಗೆ ಕಾಣದ ಈ ಪಾಚಿಗಳೇ ಖಾಲಿ ನೀರಿಗೆ ಮೊದಲು ಬರುವುದು. ಇವು ಸತ್ತು ತಳಕ್ಕೆ ಇಳಿದು ಹೊಸ ಹೂಳಿನ ಮೊದಲ ಪದರ ಶುರುವಾಗುತ್ತದೆ. ಅಂಚಿನಲ್ಲಿ ಬೆರಳುದ್ದದ ಕಾರಾ ಪಾಚಿಯೂ ಸಿಕ್ಕಿತು. ನೋಡಲು ಗಿಡದ ಹಾಗೇ ಇರುತ್ತದೆ, ಆದರೆ ಬೇರಿಲ್ಲ, ಹೂವಿಲ್ಲ. ಮೈಮೇಲೆ ಸುಣ್ಣ ಕಟ್ಟಿಕೊಂಡಿರುವುದರಿಂದ ಉಜ್ಜಿದರೆ ಒರಟೊರಟು, ಮೂಗಿನ ಹತ್ತಿರ ಹಿಡಿದರೆ ಬೆಳ್ಳುಳ್ಳಿಯ ಘಾಟು. ಹೊಸದಾಗಿ ತೋಡಿದ ಹೊಂಡಗಳಿಗೆ ಬೇಗ ಬರುವವುಗಳಲ್ಲಿ ಇದೂ ಒಂದು.

ಚಿತ್ರದುರ್ಗ, ಕೂಡ್ಲಿಗಿ ಮೇಲೆ ಹಗರಿಬೊಮ್ಮನಹಳ್ಳಿ ಸೇರುವಾಗ ಕತ್ತಲಾಗಿತ್ತು.

ಗುರುವಾರ, ಅಂಕಸಮುದ್ರ

ವಿಜಯನಗರ ಜಿಲ್ಲೆಯ ಈ ಹಳೇ ನೀರಾವರಿ ಕೆರೆ ಸುಮಾರು 98 ಹೆಕ್ಟೇರ್ ಇದೆ. 2024ರ ಜನವರಿ ಕೊನೆಯಲ್ಲಿ ಜಗತ್ತಿನ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಜೊತೆಗೆ ಗದಗದ ಮಾಗಡಿ ಕೆರೆಯೂ ಅಘನಾಶಿನಿ ಅಳಿವೆಯೂ ಸೇರಿದವು. ಅದಕ್ಕೆ ಮೊದಲು ಆ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ.

ಅಂಕಸಮುದ್ರದಲ್ಲಿ ಮೊದಲು ಕಣ್ಣಿಗೆ ಬೀಳುವುದು ನೀರಿನ ನಡುವೆ ನಿಂತ ಕರಿಜಾಲಿ ಮರಗಳು. ಒಂದೊಂದು ಮರದ ಮೇಲೂ ಹಕ್ಕಿಗಳ ಸಂತೆ. ಬಣ್ಣದ ಕೊಕ್ಕರೆ, ನೀರುಕಾಗೆ, ಬೆಳ್ಳಕ್ಕಿ, ಕೆಂಬರಲು, ಹಾವಕ್ಕಿ. ಗಲಾಟೆ ಅಂದರೆ ಗಲಾಟೆ, ಪಕ್ಕದಲ್ಲಿದ್ದವರ ಮಾತೇ ಕೇಳುವುದಿಲ್ಲ. ಮುಳ್ಳಿನ ಮರ, ಸುತ್ತ ನೀರು. ನಾಯಿ, ಬೆಕ್ಕು ಹತ್ತಿರ ಸುಳಿಯುವ ಹಾಗಿಲ್ಲ. ಗೂಡು ಕಟ್ಟಲು ಇದಕ್ಕಿಂತ ಭದ್ರವಾದ ಜಾಗ ಬಯಲುಸೀಮೆಯಲ್ಲಿ ಸಿಗುವುದು ಕಷ್ಟ.

ಪುಸ್ತಕದಲ್ಲಿ ವಿಲ್ಲೋ, ಆಲ್ಡರ್ ಮರ ನಿಲ್ಲುವ ಜಾಗದಲ್ಲಿ ಬಯಲುಸೀಮೆಯಲ್ಲಿ ನಿಲ್ಲುವುದು ಜಾಲಿ. ಕರಿಜಾಲಿ ತಿಂಗಳುಗಟ್ಟಲೆ ಬುಡ ಮುಳುಗಿದ್ದರೂ ತಡೆಯುತ್ತದೆ, ನೀರು ಬತ್ತಿದರೂ ಬದುಕುತ್ತದೆ. ನಮ್ಮ ಕೆರೆಗಳಲ್ಲಿ ಅಂಥ ಮರವೇ ಬೇಕು, ಯಾಕೆಂದರೆ ಇಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಕೋಡಿ ಬೀಳುವ ಕೆರೆ ಮೇ ತಿಂಗಳಲ್ಲಿ ಬಿರುಕು ಬಿಟ್ಟ ನೆಲವಾಗಿರಬಹುದು. ಯುರೋಪಿನ ಸರೋವರ ನಿಧಾನಕ್ಕೆ, ಒಂದೇ ದಿಕ್ಕಿನಲ್ಲಿ ತುಂಬುತ್ತಾ ಹೋಗುತ್ತದೆ ಅಂತ ಬರೆದ ಪಾಠವನ್ನು ಇಲ್ಲಿಗೆ ಹಾಗೇ ತಂದರೆ ಸರಿಹೋಗುವುದಿಲ್ಲ. ನಮ್ಮ ಕೆರೆ ಪ್ರತಿ ಬೇಸಿಗೆ ಎರಡು ಮೆಟ್ಟಿಲು ಮುಂದೆ ಹೋಗಿ ಮಳೆಗಾಲದಲ್ಲಿ ಮತ್ತೆ ಹಿಂದೆ ಬರುತ್ತದೆ.

ಆದರೆ ಮಳೆ ನಾಲ್ಕೈದು ವರ್ಷ ಕೈಕೊಟ್ಟರೆ ಮುಂದೆ ಹೋದದ್ದು ಹಿಂದೆ ಬರುವುದಿಲ್ಲ. ಹಿಂದಿನ ಸಂಜೆ ಕೂಡ್ಲಿಗಿ ದಾರಿಯಲ್ಲಿ ಅಂಥ ಒಂದು ಕೆರೆ ನೋಡಿದ್ದೆವು. ಅಂಗಳದ ತುಂಬ ಬಳ್ಳಾರಿ ಜಾಲಿ, ಒಳಗೆ ಕಾಲಿಡಲೂ ಜಾಗವಿಲ್ಲ. ಅಮೆರಿಕ ಖಂಡದಿಂದ ಬಂದ ಗಿಡ ಇದು. ಬೇರು ಬಹಳ ಆಳಕ್ಕೆ ಇಳಿಯುತ್ತದೆ, ದನ ಕುರಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಹೀಗೆ ಜಾಲಿ ತುಂಬಿದ ಕೆರೆಯನ್ನು ಕೆರೆ ಅಂತ ಗುರುತಿಸುವುದು ಏರಿ ಮತ್ತು ತೂಬು ನೋಡಿ ಮಾತ್ರ.

ಏರಿ ಮೇಲೆ ಒಬ್ಬ ಅಜ್ಜ ಸಿಕ್ಕರು. "ಹಕ್ಕಿ ನೋಡಾಕ ಬಂದೀರೇನ್ರಿ?" ಅಂತ ಮಾತಿಗೆಳೆದರು. ನಾನು, "ಹೌದ್ರಿ ಅಜ್ಜಾರ, ಈ ಕೆರಿ ಹೂಳು ತಗೀತಾರೇನು?" ಅಂತ ಕೇಳಿದೆ. "ತಗೀಬೇಕ್ರಿ. ಆದ್ರ ಗಿಡ ಕಡೀಬಾರದು. ನೀರು ಬೇಕು, ಹಕ್ಕೀನೂ ಬೇಕು" ಅಂದರು. ಕೆರೆ ನಿರ್ವಹಣೆಯ ಬಗ್ಗೆ ಇಷ್ಟು ಸರಿಯಾಗಿ ಹೇಳಿದವರನ್ನು ನಾನು ಕಂಡದ್ದು ಕಡಿಮೆ.

ಶುಕ್ರವಾರ, ಮಾಗಡಿ ಕೆರೆ

ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು. ಹಡಗಲಿ, ಮುಂಡರಗಿ ಮೇಲೆ ಹಿಂದಿನ ರಾತ್ರಿಯೇ ಲಕ್ಷ್ಮೇಶ್ವರಕ್ಕೆ ಬಂದು ಉಳಿದಿದ್ದೆವು.

ಇಲ್ಲಿ ಅಂಕಸಮುದ್ರಕ್ಕೆ ಪೂರ್ತಿ ಉಲ್ಟಾ. ನೀರೊಳಗೆ ಮರಗಳಿಲ್ಲ, ಬಯಲು ಬಯಲು. ಆ ಬಯಲು ನೀರಿನ ಮೇಲೆ ಪಟ್ಟೆತಲೆ ಹೆಬ್ಬಾತುಗಳು. ಬಿಳೀ ತಲೆ, ಅದರ ಮೇಲೆ ಎರಡು ಕಪ್ಪು ಪಟ್ಟೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ರಾತ್ರಿ, ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬಿಸಿಲೇರುವ ಹೊತ್ತಿಗೆ ಕೆರೆಗೆ ಮರಳಿ ದಿನವಿಡೀ ನೀರಲ್ಲಿ ವಿಶ್ರಾಂತಿ. ನಾವು ನಿಂತಿದ್ದಾಗ ಗುಂಪು ಗುಂಪಾಗಿ ಇಳಿಯುತ್ತಲೇ ಇದ್ದವು, ಕೊನೆಗೆ ಎಣಿಸುವುದನ್ನೇ ಬಿಟ್ಟೆವು.

ಹೆಬ್ಬಾತಿಗೆ ಬೇಕಾದದ್ದು ತೆರೆದ ನೀರು, ದೂರದವರೆಗೆ ಕಾಣುವ ದಡ. ಇಲ್ಲಿ ಜೊಂಡು ಹಬ್ಬಿ, ಆಮೇಲೆ ಜಾಲಿ ಎದ್ದರೆ ಹೆಬ್ಬಾತು ಬೇರೆ ಕೆರೆ ಹುಡುಕಿಕೊಂಡು ಹೋಗುತ್ತದೆ. ಅಂಕಸಮುದ್ರದಲ್ಲಿ ಜಾಲಿ ಕಡಿದರೆ ಬಣ್ಣದ ಕೊಕ್ಕರೆ ಹೋಗುತ್ತದೆ. ಎರಡೂ ಒಟ್ಟಿಗೇ ರಾಮ್ಸಾರ್ ಪಟ್ಟಿ ಸೇರಿದ ಕೆರೆಗಳು, ಆದರೆ ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೇಡು. "ಕೆರೆ ಹೇಗಿರಬೇಕು" ಅಂತ ಯಾರಾದರೂ ಒಂದೇ ನಕ್ಷೆ ಹಿಡಿದು ಬಂದರೆ ನನಗೆ ಭಯವಾಗುವುದು ಇದಕ್ಕೇ.

ಶನಿವಾರ, ಸೊರಬದ ಕೆರೆಗಳು ಮತ್ತು ಗುಡವಿ

ಈ ದಿನಕ್ಕಾಗಿಯೇ ನಾವು ಹೊರಟಿದ್ದು ಅಂದರೂ ತಪ್ಪಿಲ್ಲ. ಹಾವೇರಿ, ಹಾನಗಲ್ ದಾಟಿ ಆನವಟ್ಟಿ ಕಡೆ ಬರುತ್ತಿದ್ದ ಹಾಗೆ ಕಪ್ಪು ನೆಲ ಹೋಗಿ ಕೆಂಪು ನೆಲ ಬರುತ್ತದೆ, ಗದ್ದೆ ತೋಟ ಶುರುವಾಗುತ್ತವೆ, ತಗ್ಗಿಗೊಂದು ಕೆರೆ. ಸೊರಬ ತಾಲ್ಲೂಕಿನಲ್ಲಿ ಕೆರೆ ಇಲ್ಲದ ಊರು ಹುಡುಕಬೇಕು.

ರಸ್ತೆ ಪಕ್ಕದ ಒಂದು ಊರಿನ ಕೆರೆಯಲ್ಲಿ ಬೆಳಗ್ಗೆಯೆಲ್ಲ ಕಳೆದೆವು. ಹೆಸರು ಹಾಕುವುದಿಲ್ಲ, ಸದ್ದಿಲ್ಲದೆ ಇರುವ ಕೆರೆ, ಹಾಗೇ ಇರಲಿ. ಏರಿ ಮೇಲೆ ತೂಬಿನ ಹತ್ತಿರ ಶುರು ಮಾಡಿ, ದಂಡೆ ಹಿಡಿದು, ಹಳ್ಳ ಬಂದು ಸೇರುವ ಹಿನ್ನೀರಿನ ತುದಿವರೆಗೆ ನಡೆದೆವು. ಏರಿ ಪಕ್ಕ ಆಳ ಜಾಸ್ತಿ, ಹಿಂದೆ ಹೋದಷ್ಟೂ ತೆಳು. ಹಾಗಾಗಿ ಅರ್ಧ ಗಂಟೆ ನಡೆದರೆ ಪಾಠದ ಎಲ್ಲ ಮೆಟ್ಟಿಲೂ ಸಾಲಾಗಿ ಸಿಗುತ್ತವೆ.

ತೂಬಿನ ಹತ್ತಿರ ನೀರು ಕಪ್ಪಗೆ, ತೆರೆದಿತ್ತು. ನಾಮದ ಕೋಳಿಗಳು, ಗುಳುಮುಳುಕ. ಸ್ವಲ್ಪ ಮುಂದೆ ನೀರೊಳಗೆ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಕಂಡವು. ವ್ಯಾಲಿಸ್ನೇರಿಯಾ ರಿಬ್ಬನ್ ಥರದ ಉದ್ದ ಎಲೆಯ ಗಿಡ, ಇಡೀ ಗಿಡ ಮುಳುಗಿರುತ್ತದೆ. ಹೆಣ್ಣು ಹೂವು ಮಾತ್ರ ತೆಳು ದಂಟಿನ ಮೇಲೆ ನೀರಿನ ಮಟ್ಟಕ್ಕೆ ಬರುತ್ತದೆ. ಗಂಡು ಹೂಗಳು ತಳದಲ್ಲೇ ಕಳಚಿಕೊಂಡು ಮೇಲೆ ಬಂದು, ತೇಲುತ್ತಾ ಹೋಗಿ ಅದನ್ನು ಮುಟ್ಟುತ್ತವೆ. ಪರಾಗಸ್ಪರ್ಶ ಆದ ಮೇಲೆ ದಂಟು ಸುರುಳಿ ಸುತ್ತಿಕೊಂಡು ಕಾಯಿಯನ್ನು ಮತ್ತೆ ಕೆಳಗೆ ಎಳೆದುಕೊಳ್ಳುತ್ತದೆ. ಎಷ್ಟು ಚಂದ ಅಲ್ವಾ! ಈ ಮುಳುಗಿದ ಗಿಡಗಳು ನೀರಿನ ವೇಗ ತಗ್ಗಿಸುತ್ತವೆ, ನೀರಲ್ಲಿ ತೇಲುವ ಮಣ್ಣು ಇವುಗಳ ನಡುವೆ ನಿಂತು ಕೆಳಗಿಳಿಯುತ್ತದೆ. ಅಂದರೆ ತಾವೇ ತಮ್ಮ ಕಾಲಡಿಯ ತಳವನ್ನು ಎತ್ತರ ಮಾಡಿಕೊಳ್ಳುತ್ತವೆ. ತಳ ಎತ್ತರವಾದ ಕೂಡಲೇ ನೈದಿಲೆ, ತಾವರೆ ಬೇರೂರುತ್ತವೆ. ಅವುಗಳ ಎಲೆ ನೀರಿನ ಮೇಲೆ ಹಾಸಿಕೊಂಡರೆ ಕೆಳಗೆ ಬೆಳಕಿಲ್ಲ, ಹೈಡ್ರಿಲ್ಲಾದ ಕಾಲ ಮುಗಿಯಿತು. ಮುಂದಿನವರಿಗೆ ಜಾಗ ಮಾಡಿಕೊಟ್ಟು ತಾನು ಸಾಯುವುದು ಈ ಇಡೀ ಸರಣಿಯ ನಿಯಮ.

ತಾವರೆ ಎಲೆಗಳ ಮೇಲೆ ದೇವನಕ್ಕಿ ಓಡಾಡುತ್ತಿತ್ತು. ಅದರ ಬೆರಳುಗಳು ಎಷ್ಟು ಉದ್ದ ಅಂದರೆ, ಮೈಭಾರ ಹರಡಿಹೋಗಿ ಎಲೆ ಮುಳುಗುವುದಿಲ್ಲ. ಗೂಡನ್ನೂ ತೇಲುವ ಎಲೆಗಳ ಮೇಲೆಯೇ ಮಾಡುತ್ತದೆ.

ಆಮೇಲೆ ಜೊಂಡು. ಆಳೆತ್ತರ, ಗೋಡೆಯ ಹಾಗೆ. ಕಂದು ಬಣ್ಣದ ಕದಿರು ಒಡೆದು ಹತ್ತಿಯಂಥ ಬೀಜ ಗಾಳಿಗೆ ಹಾರುತ್ತಿತ್ತು. ಒಂದು ಕದಿರಿನಲ್ಲಿ ಲಕ್ಷಕ್ಕೂ ಹೆಚ್ಚು ಬೀಜ ಇರಬಹುದು, ಅದು ಸಾಲದು ಅಂತ ಕೆಸರೊಳಗೆ ಗೆಡ್ಡೆಯೂ ಹಬ್ಬುತ್ತದೆ. ಕೆಸರಲ್ಲಿ ಆಮ್ಲಜನಕ ಇರುವುದಿಲ್ಲ. ಜೊಂಡಿನ ಎಲೆ ಮುರಿದು ನೋಡಿದರೆ ಒಳಗೆಲ್ಲ ಗಾಳಿಯ ಕೋಣೆಗಳು, ಅವುಗಳ ಮೂಲಕ ಮೇಲಿನ ಗಾಳಿ ಗೆಡ್ಡೆಯವರೆಗೆ ಇಳಿಯುತ್ತದೆ. ಆದರೆ ಸತ್ತ ಎಲೆಗೆ ಆ ಅನುಕೂಲ ಇಲ್ಲ. ಗಾಳಿ ಇಲ್ಲದ ಕೆಸರಲ್ಲಿ ಅದು ಬೇಗ ಕೊಳೆಯದೆ ಪದರ ಪದರವಾಗಿ ಕೂರುತ್ತದೆ. ಕೋಲು ಚುಚ್ಚಿದರೆ ಗುಳುಗುಳು ಗುಳ್ಳೆ ಬರುತ್ತದಲ್ಲ, ಅದರಲ್ಲಿ ಮೀಥೇನ್ ಇರುತ್ತದೆ. ಕೆರೆಯನ್ನು ನೆಲ ಮಾಡುವ ಕೆಲಸದಲ್ಲಿ ಜೊಂಡಿನಷ್ಟು ಚುರುಕು ಇನ್ನೊಂದಿಲ್ಲ. ಜೊಂಡೊಳಗಿಂದ ನೇರಳೆ ಜಂಬುಕೋಳಿ ಕೆಂಪು ಕೊಕ್ಕು ಚಾಚಿ ನಮ್ಮನ್ನು ನೋಡಿ ಒಳಗೆ ಹೋಯಿತು.

ಜೊಂಡು ದಾಟಿದರೆ ಕಾಲಡಿ ಮೆತ್ತಗಿನ ನೆಲ. ಜೇಕು, ನಾಲ್ಕೆಲೆಯ ನೀರುಜರಿ, ಹುಲ್ಲು, ಅದರಲ್ಲಿ ಎಮ್ಮೆಗಳು. ಅದಕ್ಕೂ ಮೇಲೆ ಹೊಂಗೆ, ನೇರಳೆ, ಹೊಳೆಮತ್ತಿ. ತಂಗಿ ಒಂದೊಂದು ಕಡೆಯೂ ಕೋಲು ನೆಟ್ಟು ಫೋಟೋ ತೆಗೆದಳು.

ದಾರಿಯಲ್ಲಿ ಸಿಕ್ಕ ಊರಿನವರೊಬ್ಬರು ಬೇಸಿಗೆಯ ಕೆರೆಬೇಟೆ ಬಗ್ಗೆ ಹೇಳಿದರು. ನೀರು ಇಳಿದಾಗ ಸುತ್ತಲಿನ ಊರಿನ ಜನವೆಲ್ಲ ಒಂದೇ ದಿನ ಕೂಣಿ ಹಿಡಿದು ಕೆರೆಗೆ ಇಳಿಯುತ್ತಾರೆ. ಕೂಣಿ ಅಂದರೆ ಬಿದಿರಿನ ಬುಟ್ಟಿಯಂಥ ಸಾಧನ, ಕೆಸರು ನೀರಲ್ಲಿ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ಮೀನು ಹಿಡಿಯುವುದು. ನನಗೆ ಕೇಳುತ್ತಾ ಹೊಳೆದದ್ದು ಬೇರೆ. ನೂರಾರು ಜನ ಒಟ್ಟಿಗೆ ಕೆಸರು ಕಲಕಿ, ಜೊಂಡು, ತಾವರೆಬಳ್ಳಿ ತುಳಿದಾಡಿದರೆ ಕೆರೆ ಮುಂದೆ ಹೋಗುವ ದಾರಿಗೆ ಅದೂ ಒಂದು ತಡೆಯೇ ತಾನೇ. ಚಾಪೆಗೆ ಜೊಂಡು ಕೊಯ್ಯುವುದು, ಎಮ್ಮೆ ಇಳಿಸುವುದು, ತೋಟಕ್ಕೆ ಗೋಡು ಹೊರುವುದು, ಎಲ್ಲ ಅದೇ ಕೆಲಸ. ಹಳೇ ಶಾಸನಗಳಲ್ಲಿ ಕೆರೆಯ ಮಣ್ಣು ಹೊರುವ ಬಂಡಿಗೆ, ಕೋಣಗಳಿಗೆ ಅಂತಲೇ ದತ್ತಿ ಬಿಟ್ಟದ್ದಿದೆ. ಕೆರೆ ಕಟ್ಟುವುದು ಒಂದು ಸಲದ ಕೆಲಸ, ಅದು ನೆಲವಾಗದಂತೆ ಹಿಡಿದಿಡುವುದು ಪ್ರತಿ ವರ್ಷದ ಕೆಲಸ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇದನ್ನು ಬರೆಯುವಾಗ ನನಗೆ ಸಿಟ್ಟು ಬರುವುದು ಈಗಿನ ಅಭಿವೃದ್ಧಿಯ ರೀತಿ ಬಗ್ಗೆ. ಒಂದು ಕಡೆ ಚರಂಡಿ ನೀರು ಬಿಟ್ಟು ಕೆರೆಯ ವಯಸ್ಸನ್ನು ಓಡಿಸುತ್ತೇವೆ. ಸಾರಜನಕ, ರಂಜಕ ತಿಂದು ದಕ್ಷಿಣ ಅಮೆರಿಕದ ಅಂತರಗಂಗೆ (ವಾಟರ್ ಹಯಸಿಂತ್) ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ, ನೀರು ಮುಚ್ಚಿಹೋಗುತ್ತದೆ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದದ್ದು, 2017ರಲ್ಲಿ, ಮತ್ತೆ 2018ರಲ್ಲಿ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಇನ್ನೊಂದು ಕಡೆ ಪುನಶ್ಚೇತನ ಅಂತ ಜೆಸಿಬಿ ಇಳಿಸಿ ಇಡೀ ಕೆರೆಯನ್ನು ಬೋಗುಣಿಯ ಹಾಗೆ ಕೆತ್ತಿ, ಸುತ್ತ ಕಲ್ಲು ಕಟ್ಟಿ, ನಡೆಯುವ ದಾರಿ ಹಾಕುತ್ತೇವೆ. ತೆಳು ನೀರೇ ಇಲ್ಲದ ಮೇಲೆ ಜೊಂಡು ಎಲ್ಲಿ, ಜೇಕು ಎಲ್ಲಿ, ಕೆಸರಲ್ಲಿ ಮೇಯುವ ಉಲ್ಲಂಕಿಗಳು ಎಲ್ಲಿ? ಏರಿ ಪಕ್ಕದ ಆಳದಲ್ಲಿ ಹೂಳು ತೆಗೆದು, ಹಿನ್ನೀರಿನ ಇಳಿಜಾರನ್ನು ಹಾಗೇ ಬಿಟ್ಟರೆ ನೀರೂ ನಿಲ್ಲುತ್ತದೆ, ಎಲ್ಲ ಮೆಟ್ಟಿಲೂ ಉಳಿಯುತ್ತವೆ. ಹಳಬರು ಅಗತ್ಯಕ್ಕಷ್ಟೇ ಗೋಡು ತೆಗೆಯುತ್ತಿದ್ದುದರಿಂದ ಇದು ತಾನಾಗೇ ಆಗುತ್ತಿತ್ತು.

ಮಧ್ಯಾಹ್ನ ಮೇಲೆ ಗುಡವಿ. 0.74 ಚದರ ಕಿಲೋಮೀಟರಿನ ಸಣ್ಣ ಪಕ್ಷಿಧಾಮ, ಸೊರಬದಿಂದ ಹತ್ತಿರ. ಮರಗಳು ನೀರಲ್ಲೇ ನಿಂತಿವೆ, ಮಳೆಗಾಲದಲ್ಲಿ ಅವುಗಳ ಮೇಲೆ ಕೆಂಬರಲು, ನೀರುಕಾಗೆಗಳು ಗೂಡು ಕಟ್ಟುತ್ತವೆ. ಡಿಸೆಂಬರಿನಲ್ಲಿ ಗೂಡಿನ ಕಾಲ ಮುಗಿದಿರುತ್ತದೆ, ಹಕ್ಕಿ ಕಡಿಮೆ. ಅಂಕಸಮುದ್ರದ ಜಾಲಿಯ ಕೆಲಸವನ್ನು ಇಲ್ಲಿ ಮಲೆನಾಡಿನ ಮರಗಳು ಮಾಡುತ್ತಿವೆ ಅನ್ನುವುದನ್ನು ನೋಡಿಕೊಂಡು ಸಿದ್ದಾಪುರಕ್ಕೆ ಹೊರಟೆವು.

ಭಾನುವಾರ, ಕತ್ತಲೆಕಾನು

ಜೋಗದಿಂದ ಹೊನ್ನಾವರಕ್ಕೆ ಇಳಿಯುವ ರಸ್ತೆಯ ಆಸುಪಾಸಿನ ಕಾಡು ಇದು, ಸಿದ್ದಾಪುರ ತಾಲ್ಲೂಕು. ಅರಣ್ಯ ಇಲಾಖೆಯ ಅನುಮತಿ ಪಡೆದು, ಜೊತೆಗೆ ದಾರಿ ಬಲ್ಲವರೊಬ್ಬರನ್ನು ಕರೆದುಕೊಂಡು ಹೋದೆವು. ಮೇಲೆ ಸಿಂಗಳೀಕಗಳ ಕೂಗು. ಕಣಿವೆ ತಳಕ್ಕೆ ಇಳಿದ ಹಾಗೆ ನೆಲ ಮೆತ್ತಗಾಯಿತು, ಆಮೇಲೆ ನೀರು ಜಿನುಗತೊಡಗಿತು. "ಬೇರು ತುಳೀಬೇಡಿ, ಪಕ್ಕದಲ್ಲಿ ಹೆಜ್ಜೆ ಇಡಿ" ಅಂದರು ಜೊತೆಗಿದ್ದವರು.

ಇದು ರಾಮಪತ್ರೆ ಜಡ್ಡಿ, ಅಂದರೆ ಕಾಡಿನೊಳಗಿನ ಜೌಗು. ಜಾಯಿಕಾಯಿ ಕುಟುಂಬದ ಮರಗಳು ಕೆಸರಲ್ಲಿ ನಿಂತಿವೆ. ಕೆಲವಕ್ಕೆ ಬುಡದಿಂದ ಮೇಲೆ ಊರುಗೋಲಿನಂಥ ಬೇರುಗಳು. ಜಿಮ್ನಕ್ರಾಂಥೆರಾ ಮರದ ಬೇರು ಮಾತ್ರ ಕೆಸರಿನಿಂದ ಮೇಲೆದ್ದು, ಬಾಗಿ, ಮತ್ತೆ ಕೆಸರೊಳಗೆ ಇಳಿಯುತ್ತದೆ. ಮಡಚಿದ ಮೊಣಕಾಲಿನ ಆಕಾರ. ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಜೊಂಡು ಎಲೆಯ ಮೂಲಕ ಮಾಡುವ ಕೆಲಸವನ್ನೇ ಮರ ಬೇರಿನ ಮೂಲಕ ಮಾಡುತ್ತಿದೆ. ನಡುವೆ ಮುಂಡಿಗೆ ಗಿಡಗಳು. ಇಲ್ಲಿಯದೇ ಊರಿನ ಹೆಸರು ಹೊತ್ತ ಗೇರು ಕುಟುಂಬದ ಒಂದು ಮರ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್, ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ. ಇಷ್ಟು ದೊಡ್ಡ ಮರ ಅಷ್ಟು ವರ್ಷ ಯಾರ ಪಟ್ಟಿಗೂ ಸೇರದೆ ಈ ಜಡ್ಡಿಯೊಳಗೆ ಇತ್ತು.

ಪುಸ್ತಕದ ಪ್ರಕಾರ ಕೆರೆ ಒಣಗಿ ಒಣನೆಲದ ಕಾಡಾಗಬೇಕು. ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕ್ಲೆಮೆಂಟ್ಸ್ 1916ರಲ್ಲಿ ಬರೆದದ್ದು ಹೆಚ್ಚುಕಡಿಮೆ ಹಾಗೆ, ಪ್ರತಿ ಪ್ರದೇಶಕ್ಕೂ ಒಂದು ಕೊನೆಯ ಕಾಡು. ಆದರೆ ತಂಗಿ ಹೇಳಿದ ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಡೊನಾಲ್ಡ್ ವಾಕರ್ ಎಂಬ ವಿಜ್ಞಾನಿ ಬ್ರಿಟನ್ನಿನ ಹಳೇ ಸರೋವರಗಳ ಹೂಳಿನ ಪದರಗಳಲ್ಲಿ ಉಳಿದ ಪರಾಗ, ಗಿಡದ ಚೂರು ನೋಡಿ 1970ರಲ್ಲಿ ಬರೆದರು. ಮೆಟ್ಟಿಲುಗಳು ಎಲ್ಲ ಕಡೆ ಒಂದೇ ಸಾಲಿನಲ್ಲಿ ಬಂದಿಲ್ಲ. ಕೆಲವು ಕಡೆ ಹಾರಿ ಹೋಗಿವೆ, ಕೆಲವು ಕಡೆ ಹಿಂದಕ್ಕೆ ತಿರುಗಿವೆ. ಕೊನೆಗೆ ಸಿಗುವುದೂ ಓಕ್ ಕಾಡಲ್ಲ, ಬಹಳ ಸಲ ಹಾವಸೆ (ಮಾಸ್) ತುಂಬಿದ ಜೌಗು. ನೀರು ಬರುತ್ತಲೇ ಇರುವ ಕಡೆ ಒದ್ದೆ ನೆಲವೇ ಕೊನೆಯ ಮೆಟ್ಟಿಲಾಗಬಹುದು. ಕತ್ತಲೆಕಾನಿನ ಜಡ್ಡಿಯಲ್ಲಿ ವರ್ಷವಿಡೀ ಝರಿ ಜಿನುಗುತ್ತದೆ, ಕಾಡು ಆ ನೀರಿನಲ್ಲೇ ನಿಂತು ಹಳೆಯದಾಗಿದೆ. ಒಣಗಬೇಕಾದ ಅಗತ್ಯ ಅದಕ್ಕಿಲ್ಲ.

ಒಣಗಿಸಿದರೆ ಮಾತ್ರ ಕಾಡೇ ಹೋಗುತ್ತದೆ. ಈ ಮರಗಳ ಬೀಜ ದೊಡ್ಡದು, ಕೆಂಪು ಪತ್ರೆ ಸುತ್ತಿಕೊಂಡಿರುತ್ತದೆ, ಮಂಗಟ್ಟೆ ಹಕ್ಕಿಗಳು ನುಂಗಿ ಹರಡುತ್ತವೆ. ಆದರೆ ಬೀಜ ಒಣಗಿದರೆ ಸತ್ತೇ ಹೋಗುತ್ತದೆ, ಕೂಡಿಟ್ಟು ಆಮೇಲೆ ಬಿತ್ತಲು ಬರುವುದಿಲ್ಲ. ನೀರು ತಿರುಗಿಸಿದ ಜಡ್ಡಿಯಲ್ಲಿ ಹಳೇ ಮರ ಕೆಲವು ವರ್ಷ ನಿಂತಿರಬಹುದು, ಅದರಡಿ ಹೊಸ ಸಸಿ ಏಳುವುದಿಲ್ಲ.

ರಾತ್ರಿ ಉಳಿದ ಮನೆಯ ಯಜಮಾನರು ಜಗುಲಿಯಲ್ಲಿ ಕೂತು ಈ ಬಗ್ಗೆ ಬಹಳ ಹೊತ್ತು ಮಾತಾಡಿದರು. "ಹೆಗಡೇರೇ, ಇಂಥ ಜಡ್ಡಿ ಮೊದಲು ಜಾಸ್ತಿ ಇತ್ತಾ?" ಅಂದೆ. "ಇತ್ತು. ಅಡಿಕೆಗೆ ಬೇಕಾದ್ದೂ ಅದೇ ಜಾಗ ನೋಡಿ, ಕಣಿವೆ ತಳ, ಬೇಸಿಗೇಲೂ ನೀರು. ನಮ್ಮ ಅಜ್ಜನ ಕಾಲದವರು ತೋಟ ಮಾಡಿದ್ದು ಅಲ್ಲೇ. ಈಗ ಉಳಿದಿದ್ದನ್ನ ಮುಟ್ಟಬಾರದು ಅಂತ ನಮಗೂ ಗೊತ್ತಾಗಿದೆ. ನಮ್ಮ ತೋಟದ ನೀರು ಮೇಲಿನ ಜಡ್ಡಿಯಿಂದಲೇ ಬರೋದು" ಅಂದರು. ಜಡ್ಡಿ ಮಳೆ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ, ಬೇಸಿಗೆಯಲ್ಲಿ ಹಳ್ಳ ಹರಿಯುವುದು ಅದರಿಂದ. ಅವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹೋಗುವವರಿಗೆ ಒಂದೆರಡು ವಿಷಯ. ಮಾಗಡಿಗೆ ಡಿಸೆಂಬರ್, ಜನವರಿ ಒಳ್ಳೆಯದು, ಹೆಬ್ಬಾತು ಹೊಲದಿಂದ ಮರಳುವ ಬೆಳಗಿನ ಹೊತ್ತಿಗೆ ಕೆರೆ ಹತ್ತಿರ ಇರಿ. ಗುಡವಿಗೆ ಜುಲೈನಿಂದ ಅಕ್ಟೋಬರ್. ಕತ್ತಲೆಕಾನಿಗೆ ಅನುಮತಿ ಇಲ್ಲದೆ ಹೋಗಬೇಡಿ, ಹೋದರೂ ನಾಲ್ಕೈದು ಜನಕ್ಕಿಂತ ಜಾಸ್ತಿ ಬೇಡ, ಸಸಿಗಳು ಕಾಲಿಗೆ ಸಿಗುವಷ್ಟು ಸಣ್ಣವು. ಊರ ಕೆರೆ ನೋಡಲು ಇದಾವುದೂ ಬೇಕಿಲ್ಲ. ತೂಬಿನಿಂದ ಶುರು ಮಾಡಿ ಹಳ್ಳ ಸೇರುವ ತುದಿವರೆಗೆ ನಡೆಯಿರಿ, ಆಳದಿಂದ ತೆಳುವಿನ ಕಡೆಗೆ, ಆಗ ಗಿಡಗಳು ಸಾಲಾಗಿ ಬದಲಾಗುವುದು ಕಾಣುತ್ತದೆ.